ಮೇಣದಲ್ಲಿ ಕೂರಿಸದ ಹಲ್ಲು

ನೋಯುತ್ತಿದ್ದದ್ದು ಎರಡು ಹಲ್ಲು. ಡಾಕ್ಟರು ಕಿತ್ತದ್ದು ಒಂಬತ್ತು. ಮೇಲಿನ ಸಾಲಿನಲ್ಲಿ ರೇಡಿಯೋ ಅಕ್ಕನಿಗೆ ಉಳಿದಿದ್ದದ್ದೇ ಅಷ್ಟು.

“ಇವತ್ತು ಎರಡಕ್ಕೆ, ನಾಳೆ ಮೂರಕ್ಕೆ ಅಂತ ಯಾಕೆ ಓಡಾಡ್ತೀರಿ ಅಜ್ಜಿ? ಒಂದೇ ಸಲ ಎಲ್ಲಾ ತೆಗೆದು ಸೆಟ್ಟು ಹಾಕ್ಬಿಡೋಣ,” ಎಂದರು ಡಾಕ್ಟರು.

“ಮುಂದಿನ ನಾಲ್ಕು ಅಲ್ಲಾಡ್ತಿಲ್ಲ ಡಾಕ್ಟ್ರೇ. ಅವನ್ನ ಬಿಡಿ. ನಾನು ಹಾಡೋಳು.”

ಡಾಕ್ಟರು ಸೂಜಿ ಚುಚ್ಚಿ, ಗೋಡೆಯ ಗಡಿಯಾರ ನೋಡಿದರು. “ಎಪ್ಪತ್ತೊಂದು ಅಂತ ಬರೆಸಿದೀರಿ. ಈ ವಯಸ್ಸಲ್ಲಿ ಇನ್ನು ಯಾರಿಗೆ ಅಂತ ಹಾಡ್ಬೇಕು? ಆರಾಮಾಗಿ ಮನೇಲಿರಿ.”

ಇದಕ್ಕೆ ಉತ್ತರ ಅವಳಲ್ಲಿ ಸಿದ್ಧವಾಗಿತ್ತು. ಅಷ್ಟರಲ್ಲಿ ತುಟಿ ಮರಗಟ್ಟಿತು, ಬಾಯಿ ತುಂಬ ಹತ್ತಿ ಬಿತ್ತು. ಬೇಡ ಎಂದು ಕೈ ಆಡಿಸಿದಳು. ಡಾಕ್ಟರು ಅದನ್ನು ನೋವು ಎಂದುಕೊಂಡು, “ಆಯ್ತು ಆಯ್ತು, ಮುಗೀತು,” ಎನ್ನುತ್ತ ಮುಂದಿನ ನಾಲ್ಕನ್ನೂ ಎಳೆದು ತಟ್ಟೆಗೆ ಹಾಕಿದರು. ತಟ್ಟೆಯಲ್ಲಿ ಅವು ಬಿದ್ದ ಸದ್ದನ್ನು ಅವಳು ಒಂದೊಂದಾಗಿ ಎಣಿಸಿದಳು.

ಮೂವತ್ತೊಂದು ವರ್ಷದಿಂದ ಪ್ರತಿ ಗುರುವಾರ ಬೆಳಿಗ್ಗೆ ಏಳೂಕಾಲಕ್ಕೆ ರೇಡಿಯೋದಲ್ಲಿ ಕಾಲು ಗಂಟೆ ಅವಳದ್ದು. ಮೊದಲು ಹಾಡಿನ ಬಗ್ಗೆ ನಾಲ್ಕು ಮಾತು, ಆಮೇಲೆ ಹಾಡು. ಅವಳದ್ದು ಅಂಥ ಇಂಪಿನ ಕಂಠವೇನಲ್ಲ. ಅದಕ್ಕಿಂತ ಇಂಪಾಗಿ ಹಾಡುವವರು ಆ ಬೀದಿಯಲ್ಲೇ ಇಬ್ಬರಿದ್ದರು. ಅವಳ ಹೆಚ್ಚುಗಾರಿಕೆ ಇದ್ದದ್ದು ಅಕ್ಷರದಲ್ಲಿ. ಕಲಿಸಿದ ದೊಡ್ಡಮ್ಮ ಅವಳನ್ನು ಒಂದು ಕೋಣೆಯಲ್ಲಿ ನಿಲ್ಲಿಸಿ, ತಾನು ಮೂರನೇ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಕೂರುತ್ತಿದ್ದಳು. ಒಂದು ಅಕ್ಷರ ಮಸುಕಾದರೆ ಅಲ್ಲಿಂದಲೇ, “ತಿಂದೆ! ತಿಂದೆ! ಮೊದಲಿಂದ ಹೇಳು!” ಎಂದು ಕೂಗುತ್ತಿದ್ದಳು. ಎಂಟು ವರ್ಷ ಹಾಗೇ ನಡೆಯಿತು.

ಅದರ ಫಲ ಏನೆಂದರೆ, ಗುರುವಾರ ಬೆಳಿಗ್ಗೆ ಎಷ್ಟೋ ಮನೆಗಳಲ್ಲಿ ಹೆಂಗಸರು ಪೆನ್ಸಿಲ್ಲು, ಕಾಗದ ಹಿಡಿದು ರೇಡಿಯೋ ಮುಂದೆ ಕೂರುತ್ತಿದ್ದರು. ಅವಳು ಹಾಡಿ ಮುಗಿಸುವಷ್ಟರಲ್ಲಿ ಹಾಡು ಕಾಗದದ ಮೇಲೆ ಇಳಿದಿರುತ್ತಿತ್ತು. ಗಂಡ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸದಲ್ಲಿದ್ದ. “ನೀನು ಹಾಡ್ತಾ ಇದ್ರೆ ನಾನು ಕಣ್ಣು ಮುಚ್ಕೊಂಡು ಮೊಳೆ ಜೋಡಿಸ್ಬಹುದು ಕಣೇ,” ಎಂದಿದ್ದ. ಹೆಂಡತಿಯನ್ನು ಹೊಗಳಿದ್ದು ಜನ್ಮದಲ್ಲಿ ಅದೊಂದೇ ಸಲ. ಅವನು ಹೋಗಿ ಹನ್ನೆರಡು ವರ್ಷವಾಯಿತು. ಈಗ ಮನೆಯಲ್ಲಿ ಅವಳೂ ಅವಳ ತಂಗಿಯೂ ಇಬ್ಬರೇ. ತಂಗಿ ಅಂಗಡಿಗಳಿಗೆ ದಿಂಬಿನ ಚೀಲ ಹೊಲಿದುಕೊಡುತ್ತಾಳೆ. ಬೆಳಗಿನಿಂದ ಸಂಜೆವರೆಗೆ ಮಿಷನ್ನಿನ ಸದ್ದು ನಿಲ್ಲುವುದಿಲ್ಲ.

ಹಲ್ಲು ಕಿತ್ತ ಮೇಲೆ ವಸಡು ಆರಲು ಮೂರು ತಿಂಗಳು ಬೇಕಾಯಿತು. ಆ ಮೂರು ತಿಂಗಳೂ ರೇಡಿಯೋದವರು ಹಳೆಯ ಹಾಡುಗಳನ್ನೇ ಹಾಕಿ ದೂಡಿದರು. ಅಷ್ಟರಲ್ಲಿ ಅಲ್ಲಿಂದ ಕಾಗದ ಬಂತು. ಎಪ್ಪತ್ತು ದಾಟಿದ ಹಾಡುಗಾರರೆಲ್ಲ ಬಂದು ಧ್ವನಿ ಪರೀಕ್ಷೆ ಕೊಡಬೇಕು, ಪಾಸಾದವರಿಗೆ ಮಾತ್ರ ಕಾರ್ಯಕ್ರಮ ಮುಂದುವರಿಯುತ್ತದೆ. ಅವಳು ಕಾಗದ ಹಿಡಿದು ಡಾಕ್ಟರ ಹತ್ತಿರ ಓಡಿದಳು. ಪರೀಕ್ಷೆಗೆ ನಾಲ್ಕು ದಿನವಿದೆ ಎನ್ನುವಾಗ ಡಾಕ್ಟರು ಸೆಟ್ಟನ್ನು ಬಾಯಿಗೆ ಒತ್ತಿ, ಕನ್ನಡಿ ಹಿಡಿದು, “ನೋಡಿ, ಹದಿನೆಂಟರ ಹುಡುಗಿ,” ಎಂದರು.

ಕನ್ನಡಿಯಲ್ಲಿ ಚೆನ್ನಾಗಿಯೇ ಇತ್ತು. ಕೆಟ್ಟದ್ದು ಬಾಯಿ ತೆರೆದಾಗ. ‘ಸ’ ಬಂದಲ್ಲೆಲ್ಲ ಹಲ್ಲಿನ ಹಿಂದಿನಿಂದ ಸಣ್ಣ ಸಿಳ್ಳೆ ಹೊರಡುತ್ತಿತ್ತು. ‘ತ’ ಹೇಳಲು ನಾಲಿಗೆ ಮೇಲೆತ್ತಿದರೆ ಅಲ್ಲಿ ದಪ್ಪನೆಯ ಗೋಡೆ. ಎತ್ತರದ ಸ್ವರಕ್ಕೆ ಬಾಯಿ ಅಗಲಿಸಿದರೆ ಸೆಟ್ಟು ಅಂಗುಳ ಬಿಟ್ಟು ಕೆಳಗಿಳಿದು ಟಕ್ ಎನ್ನುತ್ತಿತ್ತು.

“ಅಕ್ಕಾ, ಕುಕ್ಕರ್ ಇಟ್ಟಿದೀಯಾ ಅಂತ ಒಳಗೆ ಹೋಗಿ ನೋಡ್ಬಂದೆ,” ಎಂದಳು ತಂಗಿ.

“ನಗ್ಬೇಡ್ವೇ ನೀನು.”

“ನಗ್ತಿಲ್ಲ ಕಣೆ. ನನ್ ಹೊಟ್ಟೆ ಉರೀತಿದೆ. ಆ ಡಾಕ್ಟರನ್ನ ಈ ಮಿಷನ್ನಿಗೆ ಹಾಕಿ ನಾಲ್ಕು ಹೊಲಿಗೆ ಹಾಕ್ಬೇಕು ಅನ್ಸತ್ತೆ.”

ಪರೀಕ್ಷೆಯ ದಿನ ಗಾಜಿನ ಆಚೆ ಅಧಿಕಾರಿಯೂ ಧ್ವನಿಮುದ್ರಣದವನೂ ಕೂತಿದ್ದರು. ಅಧಿಕಾರಿ ನಲವತ್ತರ ಹೆಂಗಸು, ಹುಡುಗಿಯಾಗಿದ್ದಾಗ ಇವಳ ಹಾಡನ್ನೇ ರೇಡಿಯೋದಿಂದ ಬರೆದುಕೊಂಡು ಕಲಿತವಳು. ರೇಡಿಯೋ ಅಕ್ಕ ಎಂದಿನಂತೆ ನಾಲ್ಕು ಮಾತು ಆರಂಭಿಸಿದಳು. ಪ್ರತಿ ‘ಸ’ಕ್ಕೂ ಆಚೆ ಯಂತ್ರದ ಮುಳ್ಳು ಚಂಗನೆ ಹಾರಿತು. ಧ್ವನಿಮುದ್ರಣದವನು ಕಿವಿಯ ಮೇಲಿದ್ದದ್ದನ್ನು ತೆಗೆದು ಕಿವಿ ಉಜ್ಜಿಕೊಂಡ. ಅವನು ತುಟಿ ಕಚ್ಚಿ ನಗು ತಡೆದದ್ದು ಗಾಜಿನಲ್ಲಿ ಅವಳಿಗೆ ಕಂಡಿತು.

ಅಧಿಕಾರಿ ಒಳಗೆ ಬಂದು ಪಕ್ಕದಲ್ಲಿ ಕೂತಳು. “ಅಮ್ಮಾ, ಇದನ್ನ ನಾನು ಪ್ರಸಾರಕ್ಕೆ ಕಳಿಸಕ್ಕಾಗಲ್ಲ. ಹಲ್ಲು ಸರಿ ಮಾಡಿಸ್ಕೊಳ್ಳಿ. ಆರು ತಿಂಗಳಿಗೆ ಇನ್ನೊಂದು ಪರೀಕ್ಷೆ ಇಡ್ತೀನಿ. ಅದೂ ಆಗ್ಲಿಲ್ಲ ಅಂದ್ರೆ ಗುರುವಾರ ಬೇರೆಯವರಿಗೆ ಹೋಗತ್ತೆ. ನನ್ ಕೈಲಿಲ್ಲ.”

ಅಲ್ಲಿಂದ ಅವಳು ನೇರ ಕ್ಲಿನಿಕ್ಕಿಗೆ ಬಂದಳು. ಡಾಕ್ಟರು ಕೇಳಿಸಿಕೊಂಡು ಭುಜ ಕುಣಿಸಿದರು. “ರೂಢಿ ಆಗತ್ತೆ ಅಜ್ಜಿ. ಎಲ್ರಿಗೂ ಮೊದಮೊದಲು ಹೀಗೇನೆ. ದಿನಾ ಒಂದು ಗಂಟೆ ಪೇಪರ್ ತಗೊಂಡು ಗಟ್ಟಿಯಾಗಿ ಓದಿ.”

“ಮರ್ತುಹೋಗತ್ತೆ. ಬರ್ದುಕೊಡಿ.”

ಡಾಕ್ಟರು ಬರೆದುಕೊಟ್ಟರು. ದಿನವೂ ಒಂದು ಗಂಟೆ ಗಟ್ಟಿಯಾಗಿ ಓದುವುದು, ಎಂದು. ಕೆಳಗೆ ಸಹಿ, ಮೊಹರು.

ಆಗ ಅವಳಿಗೆ ಅದನ್ನು ಏನು ಮಾಡಬೇಕೆಂದು ತಿಳಿದಿರಲಿಲ್ಲ. ತಿಳಿದದ್ದು ಹೊರಗೆ ಬಂದ ಮೇಲೆ. ಕ್ಲಿನಿಕ್ಕಿನ ಪಕ್ಕದ ಓಣಿಯ ನಲ್ಲಿಯಲ್ಲಿ ಮೇಣದಣ್ಣ ಕೈ ತೊಳೆಯುತ್ತಿದ್ದ. ಡಾಕ್ಟರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವವನು ಅವನೇ. ಹಿಂದಿನ ಕೋಣೆಯಲ್ಲಿ ಇಡೀ ದಿನ ಮೇಣ ಕರಗಿಸಿ, ಕೆತ್ತಿ, ಮೊಣಕೈವರೆಗೂ ಮೇಣ ಮೆತ್ತಿಕೊಂಡಿರುತ್ತಾನೆ. ಅವಳು ಮಾತಾಡಿಸಿದಾಗ ಬಂದ ಸಿಳ್ಳೆ ಕೇಳಿ ಅವನ ಮುಖ ಸಣ್ಣದಾಯಿತು.

“ಅಕ್ಕ, ನಿಮ್ಗೆ ಮೇಣದಲ್ಲಿ ಕೂರಿಸಿ ನೋಡಿದ್ರಾ?”

“ಏನ್ ಮೇಣ?”

ಅವನು ಅತ್ತಿತ್ತ ನೋಡಿ ಹೇಳಿದ. ಹಲ್ಲನ್ನು ಮೊದಲು ಮೇಣದ ಮೇಲೆ ಜೋಡಿಸುತ್ತಾರೆ. ಅದನ್ನು ಬಾಯಲ್ಲಿಟ್ಟು ಮಾತಾಡಿಸುತ್ತಾರೆ. ಸಿಳ್ಳೆ ಬಂದರೆ ಹಲ್ಲನ್ನು ಕೂದಲೆಳೆಯಷ್ಟು ಮುಂದೆ ತರುತ್ತಾರೆ, ನಾಲಿಗೆ ತಡೆದರೆ ಹಿಂದಿನ ಮೇಣ ಕೆರೆದು ತೆಳ್ಳಗೆ ಮಾಡುತ್ತಾರೆ. ಎಲ್ಲ ಸರಿ ಬಂದ ಮೇಲೆ ಗಟ್ಟಿ ಮಾಡುವುದು. ಗಟ್ಟಿಯಾದ ಮೇಲೆ ಹಲ್ಲು ಜರುಗುವುದಿಲ್ಲ, ಉಜ್ಜಿದರೂ ಅಷ್ಟಕ್ಕಷ್ಟೇ.

“ಸೋಮವಾರಕ್ಕೆ ಮೇಣದ್ದು ಮಾಡಿ ಇಟ್ಟಿದ್ದೆ. ಡಾಕ್ಟ್ರು ರೈಲಿಗೆ ಹೊರಟಿದ್ರು. ಹಾಗೇ ನಿಮ್ಮ ಬಾಯಿಯ ಅಚ್ಚಿನ ಮೇಲಿಟ್ಟು ನೋಡಿ, ಸರಿಯಿದೆ, ಗಟ್ಟಿ ಮಾಡು ಅಂದ್ರು. ನಾನು ಕೆಲಸದವನು. ಬಾಯಿ ಬಿಡ್ಲಿಲ್ಲ. ತಪ್ಪಾಯ್ತು ಅಕ್ಕ.”

“ನಿಮ್ ಹೆಸರು ಎತ್ತಲ್ಲ, ಹೋಗಿ,” ಎಂದಳು. ಮನೆಯ ಕಡೆ ನಡೆದಳು. ಒಂದು ರೈಲಿಗಾಗಿ ಮೂವತ್ತೊಂದು ವರ್ಷ! ಹಲ್ಲು ಕಿತ್ತದ್ದನ್ನಾದರೂ ವಯಸ್ಸಿನ ಲೆಕ್ಕಕ್ಕೆ ಹಾಕಬಹುದಿತ್ತು. ಇದನ್ನು ಯಾವ ಲೆಕ್ಕಕ್ಕೂ ಹಾಕಲು ಅವಳಿಗೆ ಆಗಲಿಲ್ಲ.

ಮರುದಿನ ಹತ್ತು ಗಂಟೆಗೆ ಅವಳು ಕನ್ನಡಕ, ಪೇಪರು, ನೀರಿನ ಬಾಟಲಿ ಹಿಡಿದು ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಕೂತಳು. ಏಳು ಕುರ್ಚಿಗಳಲ್ಲಿ ಬಾಗಿಲಿಗೆ ಎದುರಿನದ್ದು ಅವಳದ್ದು. ಪೇಪರು ಬಿಡಿಸಿ ಓದತೊಡಗಿದಳು. ಮೊದಲು ಹವಾಮಾನ, ಆಮೇಲೆ ಕಳೆದುಹೋದ ನಾಯಿಯ ಜಾಹೀರಾತು, ಆಮೇಲೆ ನೀರು ಬಿಡುವ ಸಮಯ. ಮೂರು ಕೋಣೆ ದಾಟಿ ಕೇಳಿಸುವ ಗಂಟಲು ಅದು. ಸಿಳ್ಳೆಯೂ ಅಷ್ಟೇ ದೂರ ಹೋಯಿತು.

ಕೆನ್ನೆ ಊದಿದವನೊಬ್ಬ ಕೇಳಿದ. “ಅಜ್ಜಿ, ನಿಮ್ಗೇನು ತೊಂದ್ರೆ?”

“ನಂಗೇನಿಲ್ಲಪ್ಪ. ಡಾಕ್ಟ್ರು ಬರ್ದುಕೊಟ್ಟ ಮದ್ದು ಮಾಡ್ತಿದೀನಿ.”

“ಹಲ್ಲು ಎಲ್ಲಿ ಕಟ್ಟಿಸಿದ್ದು?”

ಅವಳು ಡಾಕ್ಟರ ಬಾಗಿಲ ಕಡೆ ಬೆರಳು ತೋರಿಸಿ, ಬಿಟ್ಟ ಸಾಲಿನಿಂದ ಓದಿದಳು. ಕೆನ್ನೆ ಊದಿದವನು ಸ್ವಲ್ಪ ಹೊತ್ತು ಕೇಳಿ, ಚೀಟಿ ಕೊಡುವ ಹುಡುಗಿಗೆ, “ನೋವು ಕಡಿಮೆ ಆದಂಗಿದೆ, ನಾಳೆ ಬರ್ತೀನಿ,” ಎಂದು ಎದ್ದುಹೋದ. ಹಲ್ಲು ಕಟ್ಟಿಸಲು ಬಂದಿದ್ದ ಮುದುಕರಂತೂ ಚಪ್ಪಲಿ ಮೆಟ್ಟಿದ್ದು ಹೊರಗೆ ರಸ್ತೆಯಲ್ಲಿ.

ಡಾಕ್ಟರು ಬಾಗಿಲು ತೆಗೆದರು. “ಅಜ್ಜಿ, ಇದು ಕ್ಲಿನಿಕ್ಕು, ವಾಚನಾಲಯ ಅಲ್ಲ.”

“ಮನೇಲಿ ತಂಗಿ ಮಿಷನ್ ಸದ್ದು ಡಾಕ್ಟ್ರೇ. ಸದ್ದಿಲ್ಲದ ಜಾಗ ಅಂತ ಇಲ್ಲಿಗೆ ಬಂದೆ. ಇಲ್ಲಿ ಎಲ್ರೂ ಬಾಯಿ ಮುಚ್ಕೊಂಡು ಕೆನ್ನೆ ಹಿಡ್ಕೊಂಡಿರ್ತಾರೆ, ಅನುಕೂಲ.”

“ಹೊರಗೆ ಹೋಗಿ ಓದಿ.”

ಅವಳು ಚೀಟಿ ತೆಗೆದು ಕೂತವರಿಗೂ ಕಾಣುವಂತೆ ಡಾಕ್ಟರ ಮುಂದೆ ಹಿಡಿದಳು. “ನೋಡಿ, ನಿಮ್ದೇ ಸಹಿ. ಎಲ್ಲಿ ಓದ್ಬಾರದು ಅಂತ ಬರ್ದಿಲ್ಲ.”

ಕೂತವರು ಚೀಟಿ ನೋಡಿ ತಲೆಯಾಡಿಸಿದರು. ಡಾಕ್ಟರು ಬಾಗಿಲು ಹಾಕಿಕೊಂಡರು.

ಹಾಗೆ ಹತ್ತೊಂಬತ್ತು ದಿನ. ಭಾನುವಾರ ಮಾತ್ರ ರಜೆ. ಒಂದು ಗಂಟೆಗಿಂತ ಒಂದು ನಿಮಿಷ ಹೆಚ್ಚಿಲ್ಲ, ಒಂದು ನಿಮಿಷ ಕಡಿಮೆಯಿಲ್ಲ. ಬೈಯಲಿಲ್ಲ, ದೂರಲಿಲ್ಲ, ಯಾರ ಕಿವಿಯಲ್ಲೂ ಏನನ್ನೂ ಊದಲಿಲ್ಲ. ಮುಗಿದ ಮೇಲೆ ಪೇಪರು ಮಡಚಿ, ಚೀಟಿಯ ಹುಡುಗಿಗೆ, “ಬರ್ತೀನಮ್ಮ, ನಾಳೆ ಸಿಗೋಣ,” ಎಂದು ಹೇಳಿ ಎದ್ದುಬರುತ್ತಿದ್ದಳು. ಎರಡನೇ ವಾರಕ್ಕೆ ಏಳು ಕುರ್ಚಿಗಳಲ್ಲಿ ತುಂಬುತ್ತಿದ್ದದ್ದು ಎರಡೋ ಮೂರೋ. ಒಂದು ದಿನ ಅವಳೊಬ್ಬಳೇ ಇದ್ದಳು. ಆದರೂ ಬಾಗಿಲ ಕಡೆ ತಿರುಗಿ ಪೂರ್ತಿ ಓದಿದಳು. ಒಳಗೆ ಡಾಕ್ಟರು ಕುರ್ಚಿ ಎಳೆದದ್ದು, ಮತ್ತೆ ಎಳೆದದ್ದು, ಕಿಟಕಿ ಮುಚ್ಚಿದ್ದು ಎಲ್ಲ ಕೇಳಿಸಿತು. ಆ ರಾತ್ರಿ ಬಂದಷ್ಟು ಚೆನ್ನಾಗಿ ಅವಳಿಗೆ ಎಷ್ಟೋ ದಿನದಿಂದ ನಿದ್ದೆ ಬಂದಿರಲಿಲ್ಲ.

“ಮುಖದಲ್ಲಿ ಕಳೆ ಬಂದಿದೆಯಲ್ಲೇ,” ಎಂದಳು ತಂಗಿ.

“ಮದ್ದು ಹತ್ತಿದೆ.”

ಇಪ್ಪತ್ತನೇ ದಿನ ಡಾಕ್ಟರು ತಾವೇ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಅಂದು ಅಜ್ಜಿ ಹೋಗಿ ಅಮ್ಮ ಆಯಿತು. “ಅಮ್ಮಾ, ಆ ಸೆಟ್ಟು ಕೊಡಿ, ಸ್ವಲ್ಪ ಉಜ್ಜಿ ಕೊಡ್ತೀನಿ.”

“ಉಜ್ಜಿದ್ದು ಸಾಕು. ಹೊಸದು. ಮೇಣದಲ್ಲಿ ಕೂರಿಸಿ, ನಾನು ಸಾಕು ಅನ್ನೋವರೆಗೂ.”

ಮೇಣ ಎಂಬ ಮಾತು ಕೇಳಿ ಡಾಕ್ಟರು ಒಮ್ಮೆ ಹಿಂದಿನ ಕೋಣೆಯ ಕಡೆ ನೋಡಿದರು. ಅವಳು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದಳು. “ಪೇಪರಲ್ಲಿ ಓದಿದ್ದು ಡಾಕ್ಟ್ರೇ. ದಿನಾ ಓದಿಸಿದ್ರಲ್ಲ, ಎಲ್ಲಾ ಗೊತ್ತಾಯ್ತು.”

“ಆಯ್ತು. ಒಳಗೆ ಬನ್ನಿ.”

“ಒಳಗಲ್ಲ. ಇಲ್ಲೇ. ನಾಲ್ಕು ಜನ ಕೇಳ್ಲಿ.”

ಮುಂದಿನ ವಾರ ಆ ಹೊರಕೋಣೆಯಲ್ಲೇ ನಡೆಯಿತು. ಮೇಣ ಬಾಯಿಯ ಬಿಸಿಗೆ ಬೇಗ ಮೆದುವಾಗುತ್ತದೆ. ಎರಡು ಸಾಲು ಹಾಡುವಷ್ಟರಲ್ಲಿ ತೆಗೆದು ತಣ್ಣೀರಿಗೆ ಹಾಕಬೇಕು. ಮೇಣದಣ್ಣನ ಎರಡೂ ಕೈಗೆ ಕೆಲಸವಿತ್ತು. ಚೀಟಿಯ ಹುಡುಗಿ ನೀರಿನ ಬಟ್ಟಲು ಹಿಡಿಯಲು ಬಂದಳು.

“ನೀನು ಬೇಡಮ್ಮ. ಬಟ್ಟಲು ಡಾಕ್ಟ್ರು ಹಿಡೀಲಿ.”

ಡಾಕ್ಟರು ಹಿಡಿದರು. ಕುರ್ಚಿಗಳಲ್ಲಿ ಅಂದು ಐದು ಜನ ಇದ್ದರು. ಅವಳು ಹಲ್ಲಿಟ್ಟು ‘ಸ’ ಹೇಳಿದಳು, ‘ಶ’ ಹೇಳಿದಳು, ‘ತ’ ಹೇಳಿದಳು, ಒಂದು ಸಾಲು ಹಾಡಿದಳು, ತೆಗೆದಳು. ಮೇಣದಣ್ಣ ಸಣ್ಣ ಚಾಕು ಬಿಸಿ ಮಾಡಿ ಮುಂದಿನ ಹಲ್ಲನ್ನು ನೂಲಿನಷ್ಟು ಮುಂದೆ ತಂದ, ಹಿಂದಿನ ಮೇಣ ಕೆರೆದ. ಮತ್ತೆ ಇಟ್ಟಳು, ಮತ್ತೆ ತೆಗೆದಳು. ಐದನೆಯ ಸಲಕ್ಕೆ ಸಿಳ್ಳೆ ನಿಂತಿತು. ಏಳನೆಯ ಸಲಕ್ಕೆ ‘ತ’ ತನ್ನ ಜಾಗಕ್ಕೆ ಬಂತು. ಅದು ಅವಳಿಗೂ ಗೊತ್ತಾಯಿತು, ಮೇಣದಣ್ಣನಿಗೂ ಗೊತ್ತಾಯಿತು.

“ಊಹ್ಞೂಂ,” ಎಂದಳು. “ಇನ್ನೊಂದ್ಸಲ.”

ಮೇಣದಣ್ಣ ತಲೆ ಬಗ್ಗಿಸಿ ಹಲ್ಲನ್ನು ಮುಟ್ಟಿದ ಹಾಗೆ ಮಾಡಿ, ಮುಟ್ಟದೆ ವಾಪಸು ಕೊಟ್ಟ. ಹೀಗೆ ಇನ್ನೂ ಮೂರು ಸಲ. ಡಾಕ್ಟರ ತೋಳು ನಡುಗತೊಡಗಿತು.

“ಅಮ್ಮಾ, ನಂಗೆ ಸರಿಯಾಗೇ ಕೇಳಿಸ್ತಿದೆ.”

ಅವಳು ಹಲ್ಲು ತೆಗೆದು ಬಟ್ಟಲಿಗೆ ಹಾಕಿ, ಬೋಳು ಬಾಯಲ್ಲೇ ಹೇಳಿದಳು. “ಯಾರಿಗೆ ಹಾಡ್ಬೇಕು ಅಂತ ಕೇಳಿದ್ರಲ್ಲ ಅವತ್ತು. ಇವತ್ತು ನಿಮ್ಗೇ ಹಾಡ್ತಿರೋದು. ಬಟ್ಟಲು ಅಲ್ಲಾಡಿಸ್ಬೇಡಿ.”

ಕುರ್ಚಿಯಲ್ಲಿದ್ದವರು ನಕ್ಕರು. ಡಾಕ್ಟರ ಕಿವಿ ಕೆಂಪಾಯಿತು. ಅವಳಿಗೆ ಆ ಕೆಂಪು ಎಷ್ಟು ಹಿತವಾಯಿತೆಂದರೆ, ಹನ್ನೆರಡನೆಯ ಸಲವನ್ನೂ ಕೇಳಿದಳು.

ಎರಡನೇ ಪರೀಕ್ಷೆಗೆ ಅವಳು ಎದೆಯೆತ್ತಿ ಹೋದಳು. ಮಾತು ಆಡಿದಳು. ಮುಳ್ಳು ಹಾರಲಿಲ್ಲ. ಅಕ್ಷರಗಳು ಎಣಿಸಿ ಇಟ್ಟ ಹಾಗೆ ಒಂದೊಂದಾಗಿ ಬಿದ್ದವು. ಅಧಿಕಾರಿ ಗಾಜಿನ ಆಚೆಯಿಂದ ಹೆಬ್ಬೆರಳು ಎತ್ತಿದಳು. ಆಮೇಲೆ ಹಾಡು. ಮೊದಲೆರಡು ಸಾಲು ಚೆನ್ನಾಗಿ ಬಂತು. ಮೂರನೆಯ ಸಾಲು ಮೇಲಕ್ಕೆ ಏರುವಂಥದ್ದು. ಅವಳು ಬಾಯಿ ಅಗಲಿಸಿದಳು. ಹಲ್ಲು ಕದಲಲಿಲ್ಲ. ಕದಲಿದ್ದು ಕಂಠ. ಸ್ವರ ತುದಿ ಮುಟ್ಟುವ ಮೊದಲೇ ಸೀಳಿ, ಉಸಿರು ಖಾಲಿಯಾಗಿ ಕೆಳಗೆ ಬಿತ್ತು.

ಮತ್ತೆ ಹಾಡಿದಳು, ಮತ್ತೆ ಅಲ್ಲೇ ಬಿತ್ತು.

ಹೊಸ ವಿಷಯವೇನಲ್ಲ ಅದು. ಹಲ್ಲು ಕೀಳಿಸುವುದಕ್ಕೂ ಮೊದಲೇ, ಎರಡು ವರ್ಷದಿಂದ, ಆ ಜಾಗ ಬಂದಾಗ ಅವಳು ಬೇಗ ಹಾಯ್ದುಹೋಗುತ್ತಿದ್ದಳು, ಕಾಲಿಗೆ ಚುಚ್ಚುವ ಕಲ್ಲಿನ ಮೇಲೆ ನಡೆದ ಹಾಗೆ. ಒಂಬತ್ತು ತಿಂಗಳ ಕೋಪದಲ್ಲಿ ಅದು ಮರೆತೇ ಹೋಗಿತ್ತು.

ಅಧಿಕಾರಿ ಒಳಗೆ ಬಂದಳು. “ಅಮ್ಮಾ, ಶ್ರುತಿ ಎರಡು ಮನೆ ಇಳಿಸಿ ಹಾಡ್ತೀರಾ?”

ಮೂವತ್ತೊಂದು ವರ್ಷದಲ್ಲಿ ಯಾರೂ ಅವಳಿಗೆ ಆ ಮಾತು ಹೇಳಿರಲಿಲ್ಲ. ಮುಂದಿದ್ದ ಹಾರ್ಮೋನಿಯಂನ ಕರಿ ಮನೆಗಳನ್ನು ನೋಡಿದಳು.

“ಇಳಿಸಿದ್ರೆ ಗುರುವಾರ ನಂದೇ ತಾನೆ?”

“ನಿಮ್ದೇ.”

“ಇಳಿಸಿ.”

ಕೆಳಗಿನ ಶ್ರುತಿಯಲ್ಲಿ ಹಾಡು ಬೇರೆಯವರ ಬಟ್ಟೆ ತೊಟ್ಟ ಹಾಗಿತ್ತು. ಆದರೂ ಕೊನೆ ಮುಟ್ಟಿತು. ಪಾಸಾದಳು.

ಮೊದಲ ಗುರುವಾರ ಏಳೂಕಾಲಕ್ಕೆ ಅವಳು ಹಾಡಿನ ಬಗ್ಗೆ ಹೇಳಬೇಕಾದ ನಾಲ್ಕು ಮಾತನ್ನು ಬದಿಗಿಟ್ಟು, ಹಲ್ಲಿನ ಬಗ್ಗೆ ನಾಲ್ಕು ಮಾತು ಹೇಳಿದಳು. “ಹಲ್ಲು ಕಟ್ಟಿಸಿಕೊಳ್ಳುವವರು ಕಾಗದ ಪೆನ್ಸಿಲ್ಲು ತೆಗೆದುಕೊಳ್ಳಿ, ಬರೆದುಕೊಳ್ಳಿ. ಗಟ್ಟಿ ಮಾಡುವ ಮೊದಲು ಮೇಣದಲ್ಲಿ ಕೂರಿಸಿ ಮಾತಾಡಿಸಲು ಹೇಳಿ. ಸರಿ ಬರುವವರೆಗೂ ಏಳಬೇಡಿ. ತಣ್ಣೀರಿನ ಬಟ್ಟಲನ್ನು ಡಾಕ್ಟರ ಕೈಗೇ ಕೊಡಿ.” ಯಾರ ಹೆಸರನ್ನೂ ಎತ್ತಲಿಲ್ಲ. ಒಂದು ಅಕ್ಷರವೂ ಮಸುಕಾಗಲಿಲ್ಲ.

ಬರೆದುಕೊಂಡವರು ಬಹಳ ಜನ. ತಿಂಗಳೊಳಗೆ ಡಾಕ್ಟರ ಕ್ಲಿನಿಕ್ಕಿನ ಏಳು ಕುರ್ಚಿಯೂ ಮತ್ತೆ ತುಂಬಿದವು, ಆದರೆ ಕೂತವರೆಲ್ಲರ ಕೈಯಲ್ಲೂ ಕಾಗದ. ಒಬ್ಬ ಮುದುಕಿ ಹದಿನಾಲ್ಕು ಸಲ ತೆಗೆಸಿ ಹಾಕಿಸಿಕೊಂಡಳಂತೆ. ಇನ್ನೊಬ್ಬರು ಮೇಷ್ಟ್ರು ಮಗ್ಗಿ ಪೂರ್ತಿ ಒಪ್ಪಿಸಿದರಂತೆ. ಡಾಕ್ಟರು ರೈಲು ತಪ್ಪಿಸಿಕೊಂಡದ್ದು ಎಷ್ಟು ಸಲವೋ ಲೆಕ್ಕವಿಲ್ಲ ಎಂದು ಮೇಣದಣ್ಣ ದಾರಿಯಲ್ಲಿ ಸಿಕ್ಕಾಗ ಹೇಳಿದ.

ಒಂದು ಸಂಜೆ ಡಾಕ್ಟರು ಮನೆ ಬಾಗಿಲಿಗೆ ಬಂದರು. ತಂಗಿ ಮಿಷನ್ ನಿಲ್ಲಿಸದೆ ಸ್ಟೂಲು ತೋರಿಸಿದಳು.

“ಅಮ್ಮಾ, ಎರಡನೇ ಸೆಟ್ಟು ಚೆನ್ನಾಗಿದೆ ಅಂತ ಒಂದು ಮಾತು ರೇಡಿಯೋದಲ್ಲಿ ಹೇಳ್ಬಹುದಲ್ವಾ? ಬಟ್ಟಲು ಹಿಡಿದು ಹಿಡಿದು ತೋಳು ಬಿದ್ದೋಗ್ತಿದೆ.”

“ರೂಢಿ ಆಗತ್ತೆ ಡಾಕ್ಟ್ರೇ,” ಎಂದಳು ರೇಡಿಯೋ ಅಕ್ಕ. “ಎಲ್ರಿಗೂ ಮೊದಮೊದಲು ಹೀಗೇನೆ.”

ಅವರು ಹೋದ ಮೇಲೆ ತಂಗಿ ಮಿಷನ್ ನಿಲ್ಲಿಸಿದಳು. “ಇನ್ನಾದ್ರೂ ಬಿಡೇ ಅಕ್ಕ. ಪಾಪ, ಮುಖ ಬಾಡಿದೆ.”

ಅವಳು ಒಳಗೆ ಹೋಗಿ ಕಿಟಕಿ ಮುಚ್ಚಿದಳು. ಹಳೆಯ ಶ್ರುತಿಯಲ್ಲೇ ಒಮ್ಮೆ ಆ ಮೂರನೆಯ ಸಾಲನ್ನು ಎತ್ತಿದಳು. ಸ್ವರ ಅದೇ ಜಾಗದಲ್ಲಿ ಸೀಳಿತು. ಇದನ್ನು ಯಾರ ತಲೆಗೆ ಕಟ್ಟುವುದು? ವರ್ಷಗಳ ಮನೆ ಬಾಗಿಲಿಗೆ ಹೋಗಿ ಪೇಪರು ಓದಲು ಆಗುವುದಿಲ್ಲ. ಯಾರೂ ಸಿಗಲಿಲ್ಲ. ಎಷ್ಟು ಯೋಚಿಸಿದರೂ ಕಣ್ಣಿಗೆ ಬಿದ್ದದ್ದು ಡಾಕ್ಟರೇ. ಮೂರು ತಿಂಗಳು ಬಾಯಿ ಮುಚ್ಚಿಸಿದವರು ಅವರೇ ತಾನೇ, ಅದರಲ್ಲೇ ಕಂಠ ಕೆಟ್ಟಿದ್ದು ಎಂದುಕೊಂಡಳು. ನಿಜವಲ್ಲವೆಂದು ಗೊತ್ತಿತ್ತು. ಆದರೂ ಅದನ್ನೂ ಅವರ ಮೇಲೆಯೇ ಹಾಕಿದಳು. ಆಮೇಲೆ ಶ್ರುತಿಯನ್ನು ಎರಡು ಮನೆ ಇಳಿಸಿ, ಮುಂದಿನ ಗುರುವಾರದ ಹಾಡು ಹಿಡಿದು ಕೂತಳು.